ಒಂದೇ ಚೀಲದ ಮೈಲುತುತ್ತ, ಮೂರು ಲೋಟಗಳಲ್ಲಿ ಮೂರು ಬಣ್ಣ: ಕಾರಣವೇನು?

ಪ್ರಶ್ನೆ:
ನಾನು ಹೊಳಲ್ಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತೇನೆ. ಮಕ್ಕಳಿಂದ ಹರಳು ಬೆಳೆಸಲೆಂದು, ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ (ಶಿಲೀಂಧ್ರನಾಶಕ ಸಿಂಪಡಣೆ) ಮಾಡಲು ಮಾರುವ ಮೈಲುತುತ್ತವನ್ನೇ, ಅಂದರೆ ತಾಮ್ರದ ಸಲ್ಫೇಟನ್ನೇ, ತಂದು ಮೂರು ಲೋಟಗಳಲ್ಲಿ ಕರಗಿಸಿದೆವು. ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನದು ತಿಳಿ ನೀಲಿಯಾಗಿಯೇ ನಿಂತಿತು. ಕೊಳವೆಬಾವಿ ನೀರಿನದು ಕದಡಿ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಹಸಿರು ಮಿಶ್ರಿತ ನೀಲಿ ಗಸಿ ಕೂತಿತ್ತು. ಮೂರನೆಯದು ಗಸಿಯಿಲ್ಲದೆ ಪೂರ್ತಿ ಹಸಿರಾಗಿದೆ. ಸರಕು ಕಲಬೆರಕೆಯೇ?

ಉತ್ತರ:
ಒಂದು ಲೋಟ ತಿಳಿಯಾಗಿ ನಿಂತಿರುವುದರಿಂದ ಸರಕನ್ನು ಅನುಮಾನಿಸುವ ಮೊದಲು ನೀರನ್ನು ನೋಡಿ. ನಮ್ಮ ಕಡೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ತಾಮ್ರದೊಡನೆ ಸೇರಿ, ಕರಗದ ಕ್ಷಾರೀಯ ತಾಮ್ರದ ಕಾರ್ಬೊನೇಟ್ ಆಗುತ್ತದೆ. ಆ ಗಸಿ ಅದೇ ಇರಬೇಕು. ಒಂದು ಚಮಚ ಕದಡಿದ ದ್ರಾವಣಕ್ಕೆ ನಿಂಬೆರಸ ಹಿಂಡಿ ನೋಡಿ, ತಿಳಿಯಾದರೆ ಅನುಮಾನ ಬಗೆಹರಿಯಿತು. ಹರಳಿಗೆ ಮಾತ್ರ ನಿಂಬೆರಸ ಬೇಡ. ಭಟ್ಟಿ ಇಳಿಸಿದ ನೀರಿಗೆ ಎರಡು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಸಾಕು. ಮೂರನೆಯ ಲೋಟಕ್ಕೆ ಬೇರೇನಾದರೂ ಬಿದ್ದಿತ್ತೇ?

ಪ್ರಶ್ನೆ:
ನಿಂಬೆರಸಕ್ಕೆ ಕೂಡಲೇ ತಿಳಿಯಾಯಿತು. ವಿಚಾರಿಸಿದಾಗ, ಮೂರನೆಯದಕ್ಕೆ ಒಬ್ಬ ಹುಡುಗ ಎರಡು ಚಮಚ ಅಡುಗೆ ಉಪ್ಪು ಹಾಕಿದ್ದನೆಂದು ತಿಳಿಯಿತು. ಬಣ್ಣವಿಲ್ಲದ ಉಪ್ಪು ನೀಲಿಯನ್ನು ಹಸಿರು ಮಾಡುವುದು ಹೇಗೆ?

ಉತ್ತರ:
ಆ ಹುಡುಗ ಒಳ್ಳೆಯ ಪಾಠವನ್ನೇ ಒದಗಿಸಿದ್ದಾನೆ. ಬಣ್ಣವನ್ನು ನಿರ್ಧರಿಸುವುದು ತಾಮ್ರವೊಂದೇ ಅಲ್ಲ, ಅದರ ಸುತ್ತ ಕೂತವರು ಯಾರು ಎಂಬುದೂ ಹೌದು. ನೀರಿನಲ್ಲಿ ತಾಮ್ರದ ಅಯಾನನ್ನು (ವಿದ್ಯುದಾವೇಶ ಹೊತ್ತ ಪರಮಾಣುವನ್ನು) ನೀರಿನ ಅಣುಗಳೇ ಸುತ್ತುವರಿದಿರುತ್ತವೆ. ಆಗ ಅದರ ಹೊರಕವಚದ 9 ಡಿ-ಎಲೆಕ್ಟ್ರಾನುಗಳ (‘ಡಿ’ ಎಂಬ ಬಗೆಯ ಕಕ್ಷಕಗಳಲ್ಲಿರುವವುಗಳ) ಶಕ್ತಿಮಟ್ಟಗಳು ಮೇಲೆ-ಕೆಳಗೆ ಒಡೆದು, ಎಲೆಕ್ಟ್ರಾನೊಂದು ಕೆಳಗಿನಿಂದ ಮೇಲಕ್ಕೆ ಏರಲು ಸುಮಾರು 800 ನ್ಯಾನೊಮೀಟರ್ ಆಸುಪಾಸಿನ, ಅಂದರೆ ಕಣ್ಣಿಗೆ ಕಾಣುವ ಕೆಂಪಿನ ಅಂಚಿನಾಚೆಯ ಬೆಳಕನ್ನು ಅದು ಅತಿ ಹೆಚ್ಚು ಹೀರುತ್ತದೆ. ಆ ಹೀರುವಿಕೆ ಕೆಂಪಿನೊಳಕ್ಕೂ ಚಾಚಿರುವುದರಿಂದ ನಮ್ಮ ಕಣ್ಣಿಗೆ ಉಳಿಯುವುದು ನೀಲಿ. ಉಪ್ಪಿನ ಕ್ಲೋರೈಡ್ ಕೆಲವು ನೀರಿನ ಅಣುಗಳನ್ನು ಎಬ್ಬಿಸಿ ತಾನು ಕೂತಾಗ ನೇರಳೆಯ ಕಡೆಯ ಬೆಳಕೂ ಒಂದಿಷ್ಟು ಹೀರಲ್ಪಟ್ಟು, ನಡುವಿನ ಹಸಿರು ಉಳಿಯುತ್ತದೆ. ಧಾರಾಳವಾಗಿ ನೀರು ಸುರಿಯಿರಿ, ನೀಲಿ ಮರಳುತ್ತದೆ. ಅಮೋನಿಯ ಕೂತರೆ ಹೀರುವಿಕೆ 600ರ ಹತ್ತಿರಕ್ಕೆ ಸರಿದು ಕಡುನೀಲಿ ಬರುತ್ತದೆ.

ಗೊಬ್ಬರದ ಅಂಗಡಿಯ ಒಂದೇ ಕಪಾಟಿನಲ್ಲಿ ನೀಲಿ ಮೈಲುತುತ್ತ, ತಿಳಿಹಸಿರು ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಬಿಳಿ ಜಿಂಕ್ ಸಲ್ಫೇಟ್ ಇರುವುದನ್ನೂ ಮಕ್ಕಳಿಗೆ ತೋರಿಸಿ. ಮೂರೂ ಸಲ್ಫೇಟುಗಳೇ, ಲೋಹ ಮಾತ್ರ ಬೇರೆ. ಸತುವಿನ ಅಯಾನಿನಲ್ಲಿ 10 ಡಿ-ಎಲೆಕ್ಟ್ರಾನುಗಳು ತುಂಬಿಕೊಂಡು, ಏರಲು ಖಾಲಿ ಜಾಗವಿಲ್ಲದ ಕಾರಣ ಅದಕ್ಕೆ ಬಣ್ಣವಿಲ್ಲ.

ಪ್ರಶ್ನೆ:
ನೀರು ಸುರಿದ ಕೂಡಲೇ ನೀಲಿ ಮರಳಿತು. ಕೊನೆಯದಾಗಿ, ಕಿಟಕಿಯ ಬಿಸಿಲಿನಲ್ಲಿಟ್ಟಿದ್ದ ಹಳೆಯ ಹರಳಿನ ಮೇಲೆ ಬಿಳಿ ಪುಡಿ ಬಂದಿದೆ.

ಉತ್ತರ:
ಹರಳಿನ ಪ್ರತಿ ತಾಮ್ರಕ್ಕೂ 5 ನೀರಿನ ಅಣುಗಳಿವೆ. ಚಿತ್ರದುರ್ಗದ ಒಣ ಬೇಸಿಗೆಯಲ್ಲಿ ಮೇಲ್ಮೈಯ ನೀರು ಹಾರಿ ನೀಲಿ ಮಾಸಿದೆ. ಹರಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ, ಅಡುಗೆಮನೆಯಿಂದ ದೂರ ಇಡಿ, ಅದು ವಿಷ. ಆ ಬಿಳಿ ಪುಡಿಯನ್ನು ಕೆರೆದು ಒಂದು ಹನಿ ನೀರು ಬಿಡಿ, ಮಕ್ಕಳ ಕಣ್ಣೆದುರೇ ನೀಲಿಯಾಗುತ್ತದೆ.