ಮಗಳ ಕನ್ನಡಕದ ಪವರ್ ಏರುತ್ತಲೇ ಇದೆ, ಏನು ಮಾಡೋದು?

ಮೈಸೂರಮ್ಮ:
ಮಗಳಿಗೆ 9 ವರ್ಷ. ದೂರದ್ದು ಮಂಜು ಕಾಣುತ್ತೆ, ಹೋದ ವರ್ಷ ಮೈನಸ್ 1.5 ಇತ್ತು, ಈಗ 2.25. ನನಗೂ ನಮ್ಮ ಯಜಮಾನರಿಗೂ ದಪ್ಪ ಕನ್ನಡಕವೇ. ಪವರ್ ಏರೋದು ನಿಧಾನವಾಗಲಿ ಅಂತ ಡಾಕ್ಟರ್ ರಾತ್ರಿ ಹೊತ್ತು ಅಟ್ರೋಪಿನ್ ಅನ್ನೋ ಕಣ್ಣಿನ ಡ್ರಾಪ್ಸ್ ಶುರು ಮಾಡೋಣ ಅಂದಿದ್ದಾರೆ. ಅತ್ತೆಯವರು ಮಾತ್ರ ಕನ್ನಡಕ ಹಾಕಿದಷ್ಟೂ ಪವರ್ ಏರುತ್ತೆ, ಮನೆಯಲ್ಲಿ ತೆಗೆದಿಡು, ಕ್ಯಾರೆಟ್ ತಿನ್ನಿಸು ಅಂತಾರೆ. ಡ್ರಾಪ್ಸ್ ಹಾಕಿಸಿದವರು ಇದ್ದರೆ ಹೇಳಿ.

ಕನ್ನಡಕದಂಗಡಿ:
ಕ್ಯಾರೆಟ್ ಕೊಡಿ, ಒಳ್ಳೆಯದೇ. ಮೈನಸ್ ಪವರಿಗೂ ಅದಕ್ಕೂ ಸಂಬಂಧವಿಲ್ಲ ಅಷ್ಟೇ. ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆಯುವುದರಿಂದ ಪವರ್ ಏರುತ್ತದೆ, ಕನ್ನಡಕದಿಂದಲ್ಲ. ಕೆಲವು ಮಕ್ಕಳಿಗೆ ಬೇಕಂತಲೇ ಕಡಿಮೆ ಪವರಿನ ಕನ್ನಡಕ ಕೊಟ್ಟು ಮಲೇಷ್ಯಾದಲ್ಲಿ ನೋಡಿದ್ದರು, 2002ರಲ್ಲಿ ವರದಿ ಬಂತು, ಆ ಮಕ್ಕಳಿಗೇ ಜಾಸ್ತಿ ಏರಿತ್ತು. ಮುಂದಿನ ಸಲ ಹೋದಾಗ ಕಣ್ಣಿನ ಉದ್ದ ಅಳೆಯಿರಿ ಅಂತ ಕೇಳಿ. ಬರೀ ಪವರ್ ನೋಡುವುದಕ್ಕಿಂತ ಅದು ಸರಿಯಾಗಿ ತಿಳಿಸುತ್ತದೆ.

ರಾತ್ರಿಹನಿ:
ನನ್ನ ಮಗನಿಗೆ ಹಾಕುತ್ತಿದ್ದೇವೆ. ಇರುವ ಪವರ್ ಇಳಿಯುವುದಿಲ್ಲ, ಏರುವ ವೇಗ ಕಮ್ಮಿಯಾಗುತ್ತದೆ, ಇದನ್ನು ಮೊದಲೇ ಮನೆಯವರಿಗೆಲ್ಲ ಹೇಳಿಬಿಡಿ, ಇಲ್ಲದಿದ್ದರೆ "ಏನೂ ಗುಣ ಕಾಣಲಿಲ್ಲ" ಅಂತ ಶುರುವಾಗುತ್ತೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರೆ ಬಲವಂತ ಬೇಡ. ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಮೂಗಿನ ಕಡೆಯ ಮೂಲೆಗೆ ಒಂದು ಹನಿ ಬಿಡಿ, ಆಮೇಲೆ ಕಣ್ಣು ಬಿಡು ಅನ್ನಿ, ತಾನೇ ಒಳಗೆ ಇಳಿಯುತ್ತದೆ. ಹಾಂಗ್ ಕಾಂಗ್‌ನಲ್ಲಿ ಈ ಔಷಧಿಯ 0.01, 0.025, 0.05 ಶೇಕಡಾ ಸಾಂದ್ರತೆಯ ಹನಿ ಮೂರನ್ನೂ ಹೋಲಿಸಿ ನೋಡಿದಾಗ 0.05 ಚೆನ್ನಾಗಿ ಕೆಲಸ ಮಾಡಿತು. ನಿಮ್ಮ ಡಾಕ್ಟರ್ ಯಾವುದು ಬರೆದಿದ್ದಾರೆ, ಯಾಕೆ ಅಂತ ಕೇಳಿ. ಬಿಸಿಲಿಗೆ ಕಣ್ಣು ಕುಕ್ಕುತ್ತೆ, ಹತ್ತಿರದ ಅಕ್ಷರ ಮಂಜಾಗುತ್ತೆ ಅಂತ ಮಗಳು ಅಂದರೆ ಡಾಕ್ಟರಿಗೆ ಹೇಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಮತ್ತೆ ಜೋರಾಗಿ ಏರಬಹುದು.

ಬಯಲಾಟ:
ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದೆಯಾ? ಹಗಲು ಬೆಳಕಲ್ಲಿ ಆಡುವುದರಿಂದ ದೊಡ್ಡ ಲಾಭ ಇನ್ನೂ ಕನ್ನಡಕ ಬರದವರಿಗೆ. ಚೀನಾದ ಗುವಾಂಗ್‌ಜೌ ಶಾಲೆಗಳಲ್ಲಿ ದಿನಾ 40 ನಿಮಿಷ ಹೆಚ್ಚುವರಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ದೂರದ್ದು ಕಾಣದಾದವರು ಸುಮಾರು 30 ಶೇಕಡಾ, ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40. ಮಗಳಿಗೂ ಹೊರಗಿನ ಆಟ ಇರಲಿ, ಆದರೆ ಅದೊಂದನ್ನೇ ನಂಬಿಕೊಂಡು ಡ್ರಾಪ್ಸ್ ಮುಂದೂಡಬೇಡಿ. ಮೊಬೈಲ್ ಹಿಡಿದು ಟೆರೇಸ್ ಮೇಲೆ ಕೂತರೆ ಅದನ್ನು ಆಟ ಅನ್ನಲ್ಲ, ಅಲ್ವಾ?

ಮೈಸೂರಮ್ಮ:
ಥ್ಯಾಂಕ್ಸ್. ಅವಳ ತಮ್ಮನಿಗೆ ಐದು ವರ್ಷ, ಇನ್ನೂ ಕನ್ನಡಕ ಇಲ್ಲ. ಡ್ರಾಪ್ಸ್ ಈ ವಾರವೇ ಶುರು ಮಾಡುತ್ತೇವೆ. ಸಂಜೆ ಬಿಸಿಲಿರುವಾಗಲೇ ಇಬ್ಬರಿಗೂ ಟ್ಯೂಷನ್ ಇದೆ, ಅದನ್ನು ಕತ್ತಲಾದ ಮೇಲೆ ಇಟ್ಟುಕೊಳ್ಳಬಹುದಾ ಅಂತ ಮಿಸ್‌ನ ಕೇಳುತ್ತೇನೆ.