ಎಲ್-ಅಲನೈನ್ ಬೆರೆಸಿದ ಟಿಜಿಎಸ್ ಹರಳು: ಶಿಖರ ತಗ್ಗಿದ್ದಕ್ಕೆ ಅಲನೈನ್ ಕಾರಣವೇ?

ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ:
ಎಲ್ಲರಿಗೂ ನಮಸ್ಕಾರ. ಗ್ಲೈಸಿನ್ ಮತ್ತು ಗಂಧಕಾಮ್ಲವನ್ನು 3:1 ಮೋಲ್ ಅನುಪಾತದಲ್ಲಿ ಸೇರಿಸಿ ಟ್ರೈಗ್ಲೈಸಿನ್ ಸಲ್ಫೇಟ್ (ಟಿಜಿಎಸ್) ತಯಾರಿಸಿದೆ. ಆ ದ್ರಾವಣಕ್ಕೆ ಶೇಕಡಾ 5 ಮೋಲ್ ಎಲ್-ಅಲನೈನ್ ಹಾಕಿ, ಏಪ್ರಿಲ್ ತಿಂಗಳಿಡೀ ಬೀಕರನ್ನು ಪ್ರಯೋಗಾಲಯದ ಕಪಾಟಿನಲ್ಲಿಟ್ಟು ನಿಧಾನವಾಗಿ ಆವಿಯಾಗಲು ಬಿಟ್ಟೆ. ಬೆಳೆದ ಹರಳು ಅಂಚಿನಲ್ಲಿ ತಿಳಿಯಾಗಿದೆ, ನಡುವೆ ಹಾಲಿನಂತೆ ಬೆಳ್ಳಗಿದೆ. 1 ಕಿಲೋಹರ್ಟ್ಜ್‌ನಲ್ಲಿ ಅಳೆದಾಗ ಡೈಎಲೆಕ್ಟ್ರಿಕ್ ಸ್ಥಿರಾಂಕದ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯದ ಅಳತೆ) ಶಿಖರ 49 ಡಿಗ್ರಿ ಸೆಲ್ಸಿಯಸ್ ಬಳಿಯೇ ಬಂದರೂ ಬಹಳ ತಗ್ಗಾಗಿ, ಅಗಲವಾಗಿದೆ. ಇದು ಅಲನೈನ್‌ನ ಪರಿಣಾಮವೆಂದು ವರದಿಯಲ್ಲಿ ಬರೆಯಬಹುದೇ?

ಸಂಶೋಧಕ, ಬೆಳಗಾವಿ:
ಈಗಲೇ ಬರೆಯಬೇಡಿ. ಗ್ಲೈಸಿನ್‌ನ ಜಾಗದಲ್ಲಿ ಕುಳಿತ ಅಲನೈನ್, ತನ್ನ ಮೀಥೈಲ್ ಗುಂಪಿನಿಂದಾಗಿ, ವಿದ್ಯುತ್ ಕ್ಷೇತ್ರದ ದಿಕ್ಕು ಬದಲಾದಾಗ ಸುಲಭವಾಗಿ ತಿರುಗುವುದಿಲ್ಲ. ಹಾಗಾಗಿ ಹರಳಿನೊಳಗೆ ಸ್ಥಿರವಾದ ಆಂತರಿಕ ಕ್ಷೇತ್ರ ಉಂಟಾಗಿ, ಹಿಸ್ಟರಿಸಿಸ್ ಲೂಪ್ (ಕ್ಷೇತ್ರವನ್ನು ಅತ್ತಿತ್ತ ಬದಲಿಸಿದಾಗ ಧ್ರುವೀಕರಣ ಬದಲಾಗುವ ರೇಖೆ) ಒಂದು ಬದಿಗೆ ಸರಿಯುತ್ತದೆ, ಶಿಖರವೂ ತಗ್ಗುತ್ತದೆ. ಅವಕೆಂಪು ಡಿಟೆಕ್ಟರುಗಳಲ್ಲಿ ಅಲನೈನ್ ಬೆರೆತ ಹರಳನ್ನೇ ಬಳಸುವುದು ಇದಕ್ಕಾಗಿ: 49 ಡಿಗ್ರಿ ದಾಟಿದಾಗ ಅಳಿಯುವ ಅದರ ಧ್ರುವೀಕರಣ (ಒಳಗಿನ ವಿದ್ಯುದಾವೇಶಗಳು ಒಂದೇ ದಿಕ್ಕಿಗೆ ಸಾಲಾಗುವುದು) ತಣ್ಣಗಾದ ಮೇಲೆ ಮೊದಲಿನ ದಿಕ್ಕಿಗೇ ಮರಳುತ್ತದೆ.

ಆದರೆ ಆ ಬಿಳುಪನ್ನು ಕಡೆಗಣಿಸುವಂತಿಲ್ಲ, ಶಿಖರ ತಗ್ಗಲು ಅದೂ ಕಾರಣವಿರಬಹುದು. ಟಿಜಿಎಸ್ ಬಿಸಿ ನೀರಿನಲ್ಲಿ ಹೆಚ್ಚು ಕರಗುವುದರಿಂದ, ವಿಜಯಪುರದ ಏಪ್ರಿಲ್ ಬಿಸಿಲಿಗೆ ಹಗಲು ಹರಳಿನ ಮೈ ಸ್ವಲ್ಪ ಕರಗಿ, ರಾತ್ರಿ ತಂಪಾದಾಗ ಅವಸರದಲ್ಲಿ ಬೆಳೆದು, ದ್ರಾವಣದ ಸಣ್ಣ ಹನಿಗಳನ್ನು ಒಳಗೇ ಮುಚ್ಚಿಕೊಂಡಿರಬೇಕು. ದೀಪಕ್ಕೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಹನಿಗಳು ಪದರ ಪದರವಾಗಿ ಕಾಣಬಹುದು. ತಾಪಮಾನ ಸ್ಥಿರವಾಗಿಡುವ ವಾಟರ್ ಬಾತ್ ಬಳಸಿ, ಆದರೆ ಅದನ್ನು 35 ಡಿಗ್ರಿಗೆ ಇಡಬೇಡಿ. ಕೋಣೆಯೇ 40 ಡಿಗ್ರಿಗೆ ಏರಿದರೆ, ತಂಪು ಮಾಡುವ ವ್ಯವಸ್ಥೆ ಇಲ್ಲದ ಬಾತ್ ಏನೂ ಮಾಡಲಾರದು. 45 ಡಿಗ್ರಿ ಸೂಕ್ತ. ಪಕ್ಕದಲ್ಲಿಯೇ ಅಲನೈನ್ ಇಲ್ಲದ ಹರಳನ್ನೂ ಬೆಳೆಸಿ, ಅದಿಲ್ಲದೆ ಹೋಲಿಕೆಗೆ ಆಧಾರವೇ ಇರುವುದಿಲ್ಲ.

ಭೌತಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ:
ಹರಳನ್ನು ಯಾವ ದಿಕ್ಕಿಗೆ ಕತ್ತರಿಸಿದಿರಿ? ಟಿಜಿಎಸ್‌ನ ಧ್ರುವೀಕರಣ ಇರುವುದು ಬಿ ಅಕ್ಷದ (ಹರಳಿನ ಮೂರು ಅಕ್ಷಗಳಲ್ಲಿ ಒಂದು) ಉದ್ದಕ್ಕೆ ಮಾತ್ರ. ಅದಕ್ಕೆ ಲಂಬವಾಗಿ ಬ್ಲೇಡ್ ಇಟ್ಟು ಮೆಲ್ಲಗೆ ತಟ್ಟಿದರೆ ಹರಳು ತಾನಾಗಿಯೇ ಸೀಳುತ್ತದೆ. ಆ ಮುಖದ ಮೇಲೆಯೇ ಸಿಲ್ವರ್ ಪೇಸ್ಟ್ ಹಚ್ಚಬೇಕು, ಅದೂ ಪೂರ್ತಿ ಅಂಟುವಂತೆ. ಸ್ಥಿರಾಂಕ ಸಾವಿರಗಳಿಗೆ ಏರುವ ಶಿಖರದಲ್ಲಿ, ಪೇಸ್ಟಿನ ಕೆಳಗೆ ಉಳಿದ ಕೂದಲೆಳೆಯಷ್ಟು ಗಾಳಿಯೂ ಸರಣಿಯಲ್ಲಿ ಸೇರಿದ ಸಣ್ಣ ಕೆಪಾಸಿಟರ್‌ನಂತಾಗಿ ಅಳತೆಯನ್ನು ಕೆಳಗೆ ಎಳೆಯುತ್ತದೆ. ಕೋಣೆಯ ತಾಪಮಾನದಲ್ಲಿ ತೊಂದರೆ ಬೇರೆ: 25 ಚದರ ಮಿಲಿಮೀಟರ್ ವಿಸ್ತೀರ್ಣ, 1 ಮಿಲಿಮೀಟರ್ ದಪ್ಪದ ತುಂಡಿನಲ್ಲಿ ಸ್ಥಿರಾಂಕದ ಒಂದು ಏಕಮಾನಕ್ಕೆ ಸುಮಾರು 0.22 ಪಿಕೋಫ್ಯಾರಡ್ ಮಾತ್ರ ಸಿಗುವುದರಿಂದ, ತಂತಿಗಳ ಕೆಪಾಸಿಟೆನ್ಸನ್ನು ಕಳೆಯಲೇಬೇಕು.

ಕಾಯಿಸುವಾಗಲೂ ತಣಿಸುವಾಗಲೂ ಅಳೆಯಿರಿ. ಟಿಜಿಎಸ್‌ನದು ಎರಡನೇ ಕ್ರಮದ (ಹಠಾತ್ ನೆಗೆತವಿಲ್ಲದೆ ಕ್ರಮೇಣ ಆಗುವ) ಸ್ಥಿತ್ಯಂತರವಾದ್ದರಿಂದ ಎರಡೂ ಬಾರಿ ಶಿಖರ ಒಂದೇ ತಾಪಮಾನದಲ್ಲಿ ಬರಬೇಕು. ಬೇರೆ ಬೇರೆಯಾದರೆ ತಾಪಮಾನವನ್ನು ಅವಸರದಲ್ಲಿ ಏರಿಸಿದ್ದೀರಿ, ಇಲ್ಲವೇ ತಾಪಮಾನ ಅಳೆಯುವ ಥರ್ಮೋಕಪಲ್ ಹರಳಿನಿಂದ ದೂರದಲ್ಲಿದೆ. ಇನ್ನೊಂದು ಮಾತು, ಶೇಕಡಾ 5 ಎಂಬುದು ದ್ರಾವಣದ ಲೆಕ್ಕ. ಹರಳಿನೊಳಗೆ ಸೇರಿದ ಅಲನೈನ್ ಅಷ್ಟೇ ಎಂದು ಬರೆಯಬೇಡಿ.

ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ:
ಇಬ್ಬರಿಗೂ ಧನ್ಯವಾದಗಳು, ಸರ್. ನಾನು ದಿಕ್ಕು ನೋಡದೆ ಚಪ್ಪಟೆಯಾಗಿ ಕಂಡ ಮುಖವನ್ನೇ ಉಜ್ಜಿ ಪೇಸ್ಟ್ ಹಚ್ಚಿದ್ದೆ. ಇಂದು ಬೆಳಿಗ್ಗೆ ಎರಡು ಬೀಕರುಗಳನ್ನು ಒಂದೇ ಬಾತ್‌ನಲ್ಲಿ 45 ಡಿಗ್ರಿಗೆ ಇಟ್ಟಿದ್ದೇನೆ. ಒಂದರಲ್ಲಿ ಅಲನೈನ್ ಇದೆ, ಇನ್ನೊಂದರಲ್ಲಿ ಇಲ್ಲ.