ಕ್ಯಾಸೆಟ್‌ನ ಗಮಕ ವಾಚನ, ವಾಟ್ಸಾಪ್‌ನಲ್ಲಿ ಬಂದ ಫೈಲ್: ನಾಯ್ಸ್ ತೆಗೆದರೆ ದನಿಯೂ ಹೋಗುತ್ತಿದೆ

ಸ್ಟುಡಿಯೋ_ದಾವಣಗೆರೆ:
ನಮಸ್ಕಾರ. ಗ್ರಾಹಕರೊಬ್ಬರು ತೀರಿಹೋದ ತಮ್ಮ ತಂದೆಯವರ ಗಮಕ ವಾಚನದ ಆಡಿಯೋ ಕಳಿಸಿದ್ದಾರೆ. ವರ್ಷಾಬ್ದಿಕಕ್ಕೆ ಬರುವವರಿಗೆಲ್ಲ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಬೇಕಂತೆ. ಮೂಲ ಇರುವುದು ಕ್ಯಾಸೆಟ್‌ನಲ್ಲಿ. ಅದನ್ನು ಟೇಪ್ ರೆಕಾರ್ಡರ್‌ಗೆ ಹಾಕಿ, ಸ್ಪೀಕರ್ ಮುಂದೆ ಮೊಬೈಲ್ ಹಿಡಿದು, ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ದಾರೆ.

ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ) 8 ಕಿಲೋಹರ್ಟ್ಜ್ ಮೇಲೆ ಏನೂ ಇಲ್ಲ. ಪದ್ಯ ನಿಂತ ಕೂಡಲೇ ಫ್ಯಾನ್ ಸದ್ದು ಎದ್ದು ಬರುತ್ತದೆ, ಮತ್ತೆ ಓದು ಶುರುವಾದರೆ ಅಡಗುತ್ತದೆ. ಆಡಿಯೋ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ನಾಯ್ಸ್ ರಿಡಕ್ಷನ್ 24 ಡಿಬಿ ಇಟ್ಟೆ. ದನಿ ನೀರೊಳಗಿಂದ ಬಂದ ಹಾಗೆ ಆಯಿತು. ಯಾವ ಪ್ಲಗಿನ್ ಹಾಕಲಿ?

ಹಳೇಟೇಪು:
ಪ್ಲಗಿನ್ ಆಮೇಲೆ ನೋಡೋಣ ಸರ್. ಮೊದಲು ಕ್ಯಾಸೆಟ್ ತರಿಸಿಕೊಳ್ಳಿ. 8 ಕಿಲೋಹರ್ಟ್ಜ್ ಮೇಲಿನದು ಆ ಫೈಲಿನಲ್ಲಿ ಇಲ್ಲವೇ ಇಲ್ಲ, ಇಲ್ಲದ್ದನ್ನು ಯಾವ ಸಾಫ್ಟ್‌ವೇರ್ ತಂದುಕೊಟ್ಟೀತು? ಫ್ಯಾನ್ ಸದ್ದು ಏಳುವುದು ಮೊಬೈಲಿನ ಆಟೋ ಲೆವೆಲ್‌ನಿಂದ. ದನಿ ನಿಂತಾಗ ಅದು ತಾನಾಗಿಯೇ ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ಏರಿಸುತ್ತದೆ. ಹಾಗಾಗಿ ನಾಯ್ಸ್ ಮಟ್ಟ ಒಂದೇ ಸಮ ಇರುವುದಿಲ್ಲ. ನಾಯ್ಸ್ ರಿಡಕ್ಷನ್‌ಗೆ ಮಾದರಿಯಾಗಿ ನೀವು ಕೊಟ್ಟ ನಾಯ್ಸ್ ಸ್ಯಾಂಪಲ್ ಎಲ್ಲ ಕಡೆಗೂ ಹೊಂದುವುದಿಲ್ಲ.

ಕ್ಯಾಸೆಟ್ ಕೈಗೆ ಬಂದ ಮೇಲೆ ಅಂಚು ನೋಡಿ. ಬಿಳಿ ಬೂಷ್ಟು ಹಿಡಿದಿದ್ದರೆ ಡೆಕ್‌ಗೆ ಹಾಕಬೇಡಿ. ಸರಿ ಇದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೆ ಹಿಂದಕ್ಕೆ ಸುತ್ತಿಸಿ. ಟೇಪಿನಿಂದ ದನಿ ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಡೆಕ್‌ನ ಡಾಲ್ಬಿ (ಟೇಪಿನ ಹಿಸ್ ತಗ್ಗಿಸುವ ವ್ಯವಸ್ಥೆ) ಆಫ್ ಇರಲಿ. ಮನೆಯ ಸಾದಾ ಸೆಟ್‌ನಲ್ಲಿ ಡಾಲ್ಬಿ ಇಲ್ಲದೆ ರೆಕಾರ್ಡ್ ಆದದ್ದಕ್ಕೆ ಈಗ ಡಾಲ್ಬಿ ಹಾಕಿದರೆ ದನಿ ಮಂಕಾಗುತ್ತದೆ.

ಇನ್ನು ಅಜಿಮತ್, ಅಂದರೆ ಟೇಪಿಗೆ ಹೆಡ್ ನಿಂತಿರುವ ಓರೆ. ಇದನ್ನು ದಯವಿಟ್ಟು ಬಿಡಬೇಡಿ. ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಇರುತ್ತದೆ. ಅದು ಈಗ ಇರುವ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಟೇಪ್ ಓಡುತ್ತಿರುವಾಗಲೇ, ಮೊನೊದಲ್ಲಿ ಕೇಳುತ್ತಾ, ಕೂದಲೆಳೆಯಷ್ಟು ತಿರುಗಿಸಿ. 'ಸ', 'ಷ' ಅಕ್ಷರಗಳು ಎಲ್ಲಿ ಹೆಚ್ಚು ಚುರುಕಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸಿ. ಗಮಕದಲ್ಲಿ ಪದ ತಿಳಿಯದಿದ್ದರೆ ಏನು ಬಂತು ಹೇಳಿ? ನಿಮ್ಮ ಡೆಕ್‌ನ ಹೆಡ್ ಅಂದು ರೆಕಾರ್ಡ್ ಮಾಡಿದ ಹೆಡ್ಡಿನ ಓರೆಗೆ ಹೊಂದಬೇಕು, ಅಷ್ಟೇ. ಕೆಲಸ ಮುಗಿದ ಮೇಲೆ ಸ್ಕ್ರೂ ಮೊದಲಿನ ಜಾಗಕ್ಕೆ ತನ್ನಿ.

ಲೈನ್ ಔಟ್‌ನಿಂದ 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ತೆಗೆದುಕೊಳ್ಳಿ. ಪೀಕ್ (ಅತಿ ಜೋರಾದ ಕಡೆಯ ಮಟ್ಟ) −10 ಡಿಬಿ ಸುತ್ತಮುತ್ತ ಇದ್ದರೆ ಸಾಕು.

ಶ್ರುತಿಪೆಟ್ಟಿಗೆ:
ಮೇಲಿನವರು ಹೇಳಿದ್ದು ಸರಿ. ವೇಗವನ್ನೂ ನೋಡಿ. ಅಂದಿನ ಕರೆಂಟಿನ ಗುಂಯ್ ಸದ್ದು ಟೇಪಿನಲ್ಲೇ ಸೇರಿರುತ್ತದೆ, ಅದು 50 ಹರ್ಟ್ಜ್ ಆಸುಪಾಸು ಇರಬೇಕು. 53ರಲ್ಲಿ ಕಂಡರೆ ಟೇಪ್ ಜೋರಾಗಿ ಓಡುತ್ತಿದೆ ಅಂತ ಲೆಕ್ಕ. ಆಗ ಗ್ರಿಡ್‌ನಲ್ಲೇ ಏರಿಳಿತ ಇತ್ತು, ಹಾಗಾಗಿ ಇದು ಅಂದಾಜಿಗೆ ಮಾತ್ರ. ಕೊನೆಗೆ ಮನೆಯವರಿಗೇ ಕೇಳಿಸಿ. ಅಪ್ಪನ ದನಿ ಅವರಿಗೆ ಗೊತ್ತಿರುತ್ತದೆ ಅಲ್ವಾ.

ಸ್ಟುಡಿಯೋ_ದಾವಣಗೆರೆ:
ಕ್ಯಾಸೆಟ್ ತಂದುಕೊಟ್ಟರು! ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಯಾಡ್ ಬಿದ್ದುಹೋಗಿತ್ತು. ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಬಿಚ್ಚಿ, ರೀಲುಗಳನ್ನು ಅದರೊಳಗೆ ಕೂರಿಸಿದೆ. ಅಜಿಮತ್ ಸರಿಮಾಡಿದಾಗ ಒತ್ತಕ್ಷರ ಕೂಡ ಬಿಡಿಸಿ ಕೇಳತೊಡಗಿತು. ಬಹಳ ಖುಷಿಯಾಯಿತು. ಆದರೆ ಬಿ ಸೈಡ್ ಕೊನೆಯಲ್ಲಿ ಟೇಪ್ ತುಂಡಾಗಿದೆ, ಮುಂದಿನ ಎರಡು ಪದ್ಯ ಇರುವ ಚೂರು ಕಳೆದುಹೋಗಿದೆ. ಅವು ವಾಟ್ಸಾಪ್ ಫೈಲಿನಲ್ಲಷ್ಟೇ ಉಳಿದಿವೆ. ಅಲ್ಲಿ ಏರುದನಿಯೆಲ್ಲ ಕ್ಲಿಪ್ ಆಗಿದೆ, ಅಂದರೆ ಮಿತಿ ಮೀರಿ ಅಲೆಯ ತುದಿ ಕತ್ತರಿಸಿಹೋಗಿದೆ.

ಹಳೇಟೇಪು:
ಆ ಎರಡು ಪದ್ಯ ಬಿಡಬೇಡಿ. ಮೊದಲು ಲೆವೆಲ್ 6 ಡಿಬಿ ಇಳಿಸಿ, ಆಮೇಲೆ ಡಿ-ಕ್ಲಿಪ್ ಮಾಡಿ. ತಲೆ ಕತ್ತರಿಸಿದ ಅಲೆ ಮತ್ತೆ ಮೇಲೇಳಲು ಜಾಗ ಬೇಕು. ಗುಂಯ್ ಸದ್ದಿಗೆ 50, 100, 150 ಹರ್ಟ್ಜ್‌ನಲ್ಲಿ ಸಣ್ಣ ನಾಚ್ (ಆ ಕಂಪನಾಂಕವನ್ನಷ್ಟೇ ತಗ್ಗಿಸುವ ಫಿಲ್ಟರ್) ಹಾಕಿ. ಗಂಡು ದನಿಯ ಬುಡ 100, 150ರ ಹತ್ತಿರವೇ ಇರುತ್ತದೆ, ಅಗಲ ಮಾಡಬೇಡಿ. ನಾಯ್ಸ್ ರಿಡಕ್ಷನ್ 5–6 ಡಿಬಿ ದಾಟದಿರಲಿ. ಹಿಸ್ ಸ್ವಲ್ಪ ಉಳಿದರೆ ಉಳಿಯಲಿ, ಕಿವಿ ಅದನ್ನು ಬೇಗ ಮರೆಯುತ್ತದೆ. ಹಾಳಾದ ದನಿಯನ್ನು ಮರೆಯುವುದಿಲ್ಲ.

ಸರಿಮಾಡಿದ ಒಂದು ನಿಮಿಷ ಮೊದಲು ಅವರಿಗೆ ಕೇಳಿಸಿ, ಆಮೇಲೆ ದುಡ್ಡಿನ ಮಾತು. ಸ್ಯಾಂಪಲನ್ನು ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಫೈಲ್ ಇದ್ದ ಹಾಗೆಯೇ ಹೋಗುತ್ತದೆ.